ಗುದ್ದಿ ಓಡಿದ ಕಾರು ಬಿಟ್ಟುಹೋದ ಬಣ್ಣದ ಚಕ್ಕೆ

ರಾತ್ರಿ ಹೆದ್ದಾರಿಯಲ್ಲಿ ಯಾರಿಗೋ ಗುದ್ದಿ ಕಾರು ಪರಾರಿ. ಸಿಸಿಟಿವಿ ಇಲ್ಲ, ನಂಬರ್ ಯಾರೂ ನೋಡಿಲ್ಲ. ‘ಬಿಳಿ ಕಾರು ಸಾರ್’ ಅನ್ನುವುದಷ್ಟೇ ಸಾಕ್ಷಿ. ನಮ್ಮ ದೇಶದಲ್ಲಿ ಬಿಳಿ ಕಾರು ಹುಡುಕಿ ಅನ್ನುವುದು ಅಕ್ಕಿ ಮೂಟೆಯಲ್ಲಿ ಬಿಳಿ ಕಾಳು ಹುಡುಕಿ ಅಂದಂತೆ.

ಆದರೆ ಸತ್ತವರ ಬಟ್ಟೆಗೋ ಸೈಕಲ್ಲಿಗೋ ಸಾಸಿವೆ ಗಾತ್ರದ ಬಣ್ಣದ ಚಕ್ಕೆ ಅಂಟಿರಬಹುದು. ಅದನ್ನು ಅಡ್ಡ ಕತ್ತರಿಸಿ ಮೈಕ್ರೋಸ್ಕೋಪಿನಡಿ ಇಟ್ಟರೆ ಸಾಮಾನ್ಯವಾಗಿ ನಾಲ್ಕು ಪದರ ಕಾಣುತ್ತವೆ. ತುಕ್ಕು ಹಿಡಿಯದಂತೆ ಇಡೀ ಬಾಡಿಯನ್ನು ತೊಟ್ಟಿಯಲ್ಲಿ ಅದ್ದಿ ವಿದ್ಯುತ್ತಿನಿಂದ ಕೂರಿಸಿದ ಲೇಪ, ಅದರ ಮೇಲೆ ಪ್ರೈಮರ್, ಆಮೇಲೆ ಬಣ್ಣ, ಕೊನೆಗೆ ಹೊಳಪಿನ ಕ್ಲಿಯರ್ ಕೋಟ್. ಎಲ್ಲ ಸೇರಿ ಸುಮಾರು 100 ಮೈಕ್ರಾನ್, ಹೆಚ್ಚುಕಮ್ಮಿ ಒಂದು ತಲೆಕೂದಲಿನ ದಪ್ಪ. (ಪ್ಲಾಸ್ಟಿಕ್ ಬಂಪರಿನ ಚಕ್ಕೆಯಾದರೆ ಮೊದಲ ಪದರವೇ ಇರಲ್ಲ.) ಇನ್‌ಫ್ರಾರೆಡ್ ಕಿರಣ ಹಾಯಿಸಿದರೆ ಪ್ರತಿ ಪದರದ ರಾಸಾಯನಿಕ ಗುರುತು ಸಿಗುತ್ತದೆ. ಮೇಲಿನ ಬಿಳಿ ಒಂದೇ ಥರ ಕಂಡರೂ ಒಳಗಿನ ಪದರಗಳು ಕಂಪನಿಯಿಂದ ಕಂಪನಿಗೆ, ಎಷ್ಟೋ ಸಲ ಕಾರ್ಖಾನೆಯಿಂದ ಕಾರ್ಖಾನೆಗೆ ಬೇರೆ. ಕೆನಡಾದ ಪೊಲೀಸರು ಈ ಗುರುತುಗಳನ್ನೆಲ್ಲ ‘ಪಿಡಿಕ್ಯೂ’ ಎಂಬ ಡೇಟಾಬೇಸಿನಲ್ಲಿ ದಶಕಗಳಿಂದ ಕೂಡಿಟ್ಟಿದ್ದಾರೆ.

ಇದರಿಂದ ತಿಳಿಯುವುದು ಯಾವ ಕಂಪನಿ, ಯಾವ ಮಾಡೆಲ್, ಯಾವ ವರ್ಷಗಳದ್ದು ಎಂಬುದು. ಇದೇ ಕಾರು ಅಂತಲ್ಲ. ಅಷ್ಟಕ್ಕೇ ಪಟ್ಟಿ ಚಿಕ್ಕದಾಗುತ್ತದೆ. ಕಾರು ಹಿಂದೆಂದೋ ಟಿಂಕರಿಂಗ್, ಪೇಂಟಿಂಗ್ ಮಾಡಿಸಿದ್ದರೆ ಇನ್ನೂ ಒಳ್ಳೆಯದು. ಆ ಗ್ಯಾರೇಜಿನ ಹೆಚ್ಚುವರಿ ಪದರಗಳು ಇನ್ನೊಂದು ಕಾರಿನಲ್ಲಿ ಅದೇ ಕ್ರಮದಲ್ಲಿ ಸಿಗುವುದು ಅಪರೂಪ.

ಸರಿ, ಚಕ್ಕೆ ಹೆಕ್ಕುವವರು ಯಾರು? 2022ರಲ್ಲಿ ಹಿಟ್ ಅಂಡ್ ರನ್‌ನಲ್ಲಿ ಸತ್ತವರು 30,486 ಎನ್ನುತ್ತದೆ ಕೇಂದ್ರ ಸಾರಿಗೆ ಸಚಿವಾಲಯದ ಲೆಕ್ಕ. 7 ವರ್ಷ ಅಥವಾ ಹೆಚ್ಚು ಶಿಕ್ಷೆಯ ಅಪರಾಧಗಳಲ್ಲಿ ಫೊರೆನ್ಸಿಕ್ ತಜ್ಞರು ಸ್ಥಳಕ್ಕೆ ಹೋಗಲೇಬೇಕು ಎನ್ನುತ್ತದೆ ಹೊಸ ನಾಗರಿಕ ಸುರಕ್ಷಾ ಸಂಹಿತೆಯ 176(3). ರಾಜ್ಯಗಳಿಗೆ ಜಾರಿಗೆ 5 ವರ್ಷ ಸಮಯವಿದೆ. ಗುದ್ದಿ ಓಡಿದವರಿಗೆ 10 ವರ್ಷದವರೆಗೆ ಜೈಲು ಎನ್ನುವ ನ್ಯಾಯ ಸಂಹಿತೆಯ 106(2), 2024ರ ಜನವರಿಯ ಲಾರಿ ಚಾಲಕರ ಮುಷ್ಕರದ ನಂತರ ತಡೆಯಲ್ಲಿದೆ. ಉಳಿದದ್ದು 106(1): ಗರಿಷ್ಠ 5 ವರ್ಷ. ಅಂದರೆ ಸಾಮಾನ್ಯ ಹಿಟ್ ಅಂಡ್ ರನ್ ಕೇಸಿಗೆ ತಜ್ಞರ ಭೇಟಿ ಕಡ್ಡಾಯವಲ್ಲ!

ಚಾಲಕರ ಭಯ ಸುಳ್ಳಲ್ಲ. ನಿಂತರೆ ಜನ ಹೊಡೆಯುತ್ತಾರೆ. ಆದರೆ ಸಾಕ್ಷ್ಯ ಹೆಕ್ಕುವುದಕ್ಕೂ ಜೈಲಿನ ವರ್ಷಗಳಿಗೂ ಯಾಕೆ ಗಂಟು ಹಾಕಬೇಕು? ಸಾವಿನ ಕೇಸುಗಳನ್ನಾದರೂ 176(3)ಕ್ಕೆ ಸೇರಿಸಲಿ. ವಾಹನ ಸಿಗದಿದ್ದರೆ ಸತ್ತವರ ಮನೆಗೆ ಬರುವುದು ಸರ್ಕಾರದ 2 ಲಕ್ಷ. ಸಿಕ್ಕರೆ ವಯಸ್ಸು, ಆದಾಯ ನೋಡಿ ನ್ಯಾಯಮಂಡಳಿ ಪರಿಹಾರ ಕಟ್ಟುತ್ತದೆ. ಈ ಅಂತರ ಕೆಲವೊಮ್ಮೆ ಒಂದು ಚಕ್ಕೆಯ ಮೇಲೆ ನಿಂತಿರುತ್ತದೆ, ಅದೂ ಮಳೆ ಬರುವ ತನಕ.