ಎಷ್ಟು ಕೊಡುತ್ತೆ? ಅಲ್ಲ, ಎಷ್ಟು ಕುಡಿಯುತ್ತೆ?

ನಮ್ಮ ಜನ ಹೊಸ ಗಾಡಿ ಕಂಡ ತಕ್ಷಣ ಕೇಳೋ ಮೊದಲನೇ ಪ್ರಶ್ನೆ, "ಎಷ್ಟು ಕೊಡುತ್ತೆ?" ಬಣ್ಣ, ಎಂಜಿನ್ನು, ಬೆಲೆ ಎಲ್ಲ ಆಮೇಲೆ. ಹೀರೋ ಹೋಂಡಾ ಕಾಲದಿಂದ ಅಂಟಿಕೊಂಡ ಅಭ್ಯಾಸ, ಊರು ಬಿಟ್ಟು ವರ್ಜೀನಿಯಾಕ್ಕೆ ಬಂದರೂ ನಮ್ಮನ್ನು ಬಿಟ್ಟಿಲ್ಲ. ನನ್ನದು ಮಾಜ್ದಾ ಎಂಎಕ್ಸ್-5 ಮಿಯಾಟಾ, 2019ರ ಮಾದರಿ. ಎರಡೇ ಸೀಟು, ಮಡಚಿಡುವ ಬಟ್ಟೆಯ ಟಾಪು, ಎರಡು ಲೀಟರ್ ಎಂಜಿನ್ನು, 181 ಅಶ್ವಶಕ್ತಿ, ಕೈಯಲ್ಲೇ ಬದಲಾಯಿಸುವ ಆರು ಗೇರು. ಇದನ್ನು ನೋಡಿದವರು ಮಾತ್ರ ಆ ಪ್ರಶ್ನೆಯನ್ನೂ ಕೇಳೋದಿಲ್ಲ. "ಸ್ಪೋರ್ಟ್ಸ್ ಕಾರಲ್ವಾ, ಚೆನ್ನಾಗಿ ಕುಡಿಯುತ್ತೆ ಬಿಡಿ" ಅಂತ ತಾವೇ ತೀರ್ಪು ಕೊಟ್ಟು ತಮ್ಮ ಏಳು ಸೀಟಿನ ಎಸ್‌ಯುವಿ ಹತ್ತಿ ಹೊರಟುಬಿಡ್ತಾರೆ.

ಈ ತೀರ್ಪಿನ ಬಗ್ಗೆ ನನ್ನ ತಕರಾರಿದೆ. ಅದಕ್ಕೇ ಈ ಬರಹ.

ಮೊದಲು ಅಧಿಕೃತ ಲೆಕ್ಕ ನೋಡೋಣ. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ಇಪಿಎ ಪ್ರಕಾರ ನನ್ನ ಗಾಡಿಗೆ ಊರೊಳಗೆ ಗ್ಯಾಲನ್ನಿಗೆ 26 ಮೈಲಿ, ಹೈವೇಯಲ್ಲಿ 34, ಎರಡೂ ಸೇರಿಸಿದರೆ 29. ನಮ್ಮ ಭಾಷೇಲಿ ಹೇಳಬೇಕಂದ್ರೆ ಲೀಟರಿಗೆ ಹನ್ನೆರಡು ಕಿಲೋಮೀಟರಿಗಿಂತ ಒಂಚೂರು ಜಾಸ್ತಿ. ಊರಿನವರಿಗೆ ಇದು ದೊಡ್ಡ ಸಂಗತಿಯೇನಲ್ಲ, ಒಪ್ಪಿದೆ. ಆದರೆ ಇಲ್ಲಿನ ಮಟ್ಟಿಗೆ ನೋಡಿ: ಅಮೆರಿಕದಲ್ಲಿ 2023ರ ಮಾದರಿಯ ಹೊಸ ಗಾಡಿಗಳನ್ನೆಲ್ಲ ಒಟ್ಟಿಗೆ ಹಾಕಿ ಇಪಿಎ ತೆಗೆದ ಸರಾಸರಿ 27.1. ಅದರಲ್ಲಿ ಹೈಬ್ರಿಡ್ಡೂ ಸೇರಿದೆ, ಕರೆಂಟಿನ ಕಾರೂ ಸೇರಿದೆ. ಅಂದರೆ "ಕುಡುಕ" ಅಂತ ಹೆಸರು ಪಡೆದ ನನ್ನ ಗಾಡಿ ದೇಶದ ಸರಾಸರಿಗಿಂತ ಕಡಿಮೆ ಕುಡಿಯುತ್ತೆ. :-)

*

"ಅದೆಲ್ಲ ಸ್ಟಿಕರ್ ಮೇಲಿನ ಸಂಖ್ಯೆ, ರಸ್ತೆ ಮೇಲೆ ಎಷ್ಟು ಹೇಳಿ" ಅಂತೀರಾ? ನ್ಯಾಯವಾದ ಪ್ರಶ್ನೆ.

ಸ್ಟಿಕರ್ ಸಂಖ್ಯೆ ಹುಟ್ಟೋದು ರಸ್ತೆಯಲ್ಲಲ್ಲ, ಪ್ರಯೋಗಾಲಯದಲ್ಲಿ. ಗಾಡಿಯ ಚಕ್ರಗಳನ್ನು ರೋಲರ್ ಮೇಲಿಟ್ಟು, ಮೊದಲೇ ಗೊತ್ತುಮಾಡಿದ ವೇಗದ ಪಟ್ಟಿಯಂತೆ ಓಡಿಸ್ತಾರೆ. ಇಪಿಎಯ ಮೂಲ ಹೈವೇ ಪರೀಕ್ಷೆ ಬರೀ ಹತ್ತು ಮೈಲಿ ಚಿಲ್ಲರೆ. ಸರಾಸರಿ ವೇಗ 48 ಮೈಲಿ, ಗರಿಷ್ಠ 60. ಇಲ್ಲಿ ಯಾವ ಹೈವೇಯಲ್ಲಿ ಯಾರು ಹಾಗೆ ಹೋಗ್ತಾರೆ? ಅದಕ್ಕೇ 2008ರ ಮಾದರಿಗಳಿಂದ ಇನ್ನೂ ಮೂರು ಪರೀಕ್ಷೆ ಸೇರಿಸಿದರು: 80 ಮೈಲಿವರೆಗೆ ರಭಸವಾಗಿ ಓಡಿಸೋದು ಒಂದು, ಬಿಸಿಲಿನಲ್ಲಿ ಎಸಿ ಹಾಕಿ ಓಡಿಸೋದು ಒಂದು, ಕೊರೆಯುವ ಚಳಿಯಲ್ಲಿ ಓಡಿಸೋದು ಒಂದು. ಆವತ್ತಿನಿಂದ ಇಲ್ಲಿನ ಸ್ಟಿಕರ್ ವಾಸ್ತವಕ್ಕೆ ಸಾಕಷ್ಟು ಹತ್ತಿರ ಬಂತು. ಯುರೋಪಿನಲ್ಲಿ ಕಥೆ ಬೇರೆ. ಅಲ್ಲಿ ಹಳೇ ಪರೀಕ್ಷೆಯ ಸಂಖ್ಯೆಗೂ ರಸ್ತೆಯ ಸಂಖ್ಯೆಗೂ ಇದ್ದ ಅಂತರ 2001ರಲ್ಲಿ ನೂರಕ್ಕೆ ಒಂಬತ್ತರ ಆಸುಪಾಸಿನಲ್ಲಿತ್ತು, 2015ರ ಹೊತ್ತಿಗೆ ನಲವತ್ತರ ಹತ್ತಿರ ಹೋಯ್ತು. 2017ರಲ್ಲಿ ಪರೀಕ್ಷೆಯನ್ನೇ ಬದಲಾಯಿಸಬೇಕಾಯ್ತು. ಊರಲ್ಲಿ "ಎಆರ್‌ಎಐ ಮೈಲೇಜ್" ಅಂತ ಜಾಹೀರಾತಿನಲ್ಲಿ ಹಾಕ್ತಾರಲ್ಲ, ಅದೂ ಪ್ರಯೋಗಾಲಯದ ಕೂಸೇ.

ಹಾಗಾಗಿ ನಾನು ನಂಬೋದು ಗ್ಲೌ ಬಾಕ್ಸಿನಲ್ಲಿ ಇಟ್ಟಿರುವ ಪುಟ್ಟ ನೋಟ್‌ಬುಕ್ಕನ್ನು. ಟ್ಯಾಂಕ್ ಫುಲ್ ಮಾಡಿಸೋದು, ಮೈಲಿ ಬರೆಯೋದು, ಮತ್ತೆ ಫುಲ್ ಮಾಡಿಸಿದಾಗ ಎಷ್ಟು ಹಿಡೀತೋ ಅದರಿಂದ ಭಾಗಿಸೋದು. ಅಷ್ಟೇ ವಿದ್ಯೆ. ಡ್ಯಾಶ್‌ಬೋರ್ಡ್ ತೋರಿಸೋ ಸರಾಸರಿಯನ್ನು ನೋಡೋದಿಲ್ಲ. ನನ್ನ ಪುಸ್ತಕದಲ್ಲಿರುವ ಲೆಕ್ಕ ಹೀಗಿದೆ:

- ವಾರದ ದಿನ ಆಫೀಸಿಗೆ, ಸಿಗ್ನಲ್ಲು, ಟ್ರಾಫಿಕ್ಕು: 27
- ಜನವರಿ ಚಳಿಯಲ್ಲಿ ಎರಡು ಮೂರು ಮೈಲಿಯ ಸಣ್ಣ ಓಡಾಟಗಳೇ ತುಂಬಿದ ಟ್ಯಾಂಕು: 23
- ಹೈವೇಯಲ್ಲಿ 75ರಲ್ಲಿ: 34
- ಅದೇ ಹೈವೇಯಲ್ಲಿ 65ರಲ್ಲಿ: 39
- ಸ್ಕೈಲೈನ್ ಡ್ರೈವ್, ಟಾಪ್ ತೆರೆದು: 41
- ಎಲ್ಲ ಸೇರಿ ಸರಾಸರಿ: 32

ಗಾಡಿ ಒಂದೇ. ಓಡಿಸಿದವನೂ ಒಬ್ಬನೇ. ಆದರೂ 23ರಿಂದ 41. ಈಗ ಹೇಳಿ, "ಎಷ್ಟು ಕೊಡುತ್ತೆ" ಅಂತ ಕೇಳಿದರೆ ಯಾವುದನ್ನು ಹೇಳಲಿ?

*

ಇದರಲ್ಲಿ ಮಾಯಮಂತ್ರ ಏನಿಲ್ಲ. ಗಾಳಿಯ ಎದುರೊತ್ತು ವೇಗದ ವರ್ಗಕ್ಕೆ ತಕ್ಕಂತೆ ಏರುತ್ತೆ. 65ರಿಂದ 75ಕ್ಕೆ ಹೋದರೆ ವೇಗ ಹೆಚ್ಚಿದ್ದು ನೂರಕ್ಕೆ ಹದಿನೈದು, ಗಾಳಿಯ ತಡೆ ಹೆಚ್ಚಿದ್ದು ನೂರಕ್ಕೆ ಮೂವತ್ತಮೂರು. ಚಳಿಗಾಲದಲ್ಲಿ ಎಂಜಿನ್ ಬಿಸಿಯಾಗೋ ಮೊದಲೇ ಮನೆ ಬಂದಿರುತ್ತೆ, ಪೆಟ್ರೋಲೆಲ್ಲ ಲೋಹ ಕಾಯಿಸೋದಕ್ಕೇ ಹೋಯ್ತು. ಇಲ್ಲಿನ ಬಂಕುಗಳಲ್ಲಿ ಸಾಮಾನ್ಯವಾಗಿ ಸಿಗೋ ಪೆಟ್ರೋಲಿನಲ್ಲಿ ನೂರಕ್ಕೆ ಹತ್ತು ಎಥನಾಲ್ ಇರುತ್ತೆ, ಅದರಿಂದಲೇ ನೂರಕ್ಕೆ ಮೂರರಷ್ಟು ಮೈಲೇಜ್ ಖೋತಾ.

ಚಿಕ್ಕ ಸ್ಪೋರ್ಟ್ಸ್ ಕಾರಿಗೆ ಇಲ್ಲಿ ಒಂದು ಅನುಕೂಲ, ಒಂದು ಅನಾನುಕೂಲ. ಅನುಕೂಲ ಅಂದರೆ ತೂಕ. ನನ್ನ ಗಾಡಿ ಸುಮಾರು 1,060 ಕಿಲೋ. ಅಮೆರಿಕದಲ್ಲಿ 2022ರ ಮಾದರಿಯ ಹೊಸ ಗಾಡಿಗಳ ಸರಾಸರಿ ತೂಕ 4,300 ಪೌಂಡು, ಅಂದರೆ 1,950 ಕಿಲೋ. ಪ್ರತಿ ಸಿಗ್ನಲ್ಲಿನಲ್ಲೂ ನಿಂತು ಮತ್ತೆ ಹೊರಡುವಾಗ ಆ ತೂಕವನ್ನು ಎಬ್ಬಿಸಬೇಕು, ಬ್ರೇಕ್ ಒತ್ತಿದಾಗ ಆ ಶಕ್ತಿಯನ್ನೆಲ್ಲ ಬಿಸಿಯಾಗಿ ಗಾಳಿಗೆ ಬಿಡಬೇಕು. ಅರ್ಧ ತೂಕ ಅಂದರೆ ಪ್ರತಿ ಸಲವೂ ಅರ್ಧ ಕೂಲಿ. ಅನಾನುಕೂಲ ಅಂದರೆ ಆಕಾರ. ಸ್ಪೋರ್ಟ್ಸ್ ಕಾರು ನೋಡೋದಕ್ಕೆ ಗಾಳಿ ಸೀಳುವಂತಿದ್ದರೂ ಇಷ್ಟು ಗಿಡ್ಡ ಗಾಡಿಯ ಹಿಂದೆ ಗಾಳಿ ಸರಾಗವಾಗಿ ಕೂಡಿಕೊಳ್ಳೋದಿಲ್ಲ. ಟಾಪ್ ತೆರೆದರಂತೂ ಕೇಳೋದೇ ಬೇಡ. ಆ ವಿಷಯದಲ್ಲಿ ಪ್ರಿಯಸ್ಸಿನ ನುಣುಪು ಬೆನ್ನು ಇದಕ್ಕಿಂತ ಎಷ್ಟೋ ವಾಸಿ. ಅದಕ್ಕೇ ಈ ಕಾರಿನ ಮೈಲೇಜ್ ವೇಗ ಏರಿದ ಹಾಗೆ ಬೇಗ ಇಳಿಯುತ್ತೆ, ವೇಗ ಇಳಿಸಿದರೆ ಅಷ್ಟೇ ಬೇಗ ಏರುತ್ತೆ.

ಇನ್ನು ಗೇರು. 1989ರ ಮೊದಲನೇ ತಲೆಮಾರಿನ ಮಿಯಾಟಾದ ಐದನೇ ಗೇರಿನಲ್ಲಿ 75 ಮೈಲಿ ಹೋದರೆ ಎಂಜಿನ್ ನಿಮಿಷಕ್ಕೆ ನಾಲ್ಕು ಸಾವಿರದ ಹತ್ತಿರ ಸುತ್ತುತ್ತಿತ್ತು. ಈಗಿನದ್ದು ಆರನೇ ಗೇರಿನಲ್ಲಿ 70 ಮೈಲಿಗೆ ಸುಮಾರು 2,800 ಮಾತ್ರ. ಅಷ್ಟರ ಮಟ್ಟಿಗೆ ಉಸಿರು ಉಳಿಯುತ್ತೆ.

ಈಗ ಪಟ್ಟಿಯಲ್ಲಿರೋ ಸ್ಕೈಲೈನ್ ಡ್ರೈವ್ ವಿಷಯ. ಶೆನಂಡೋವಾ ರಾಷ್ಟ್ರೀಯ ಉದ್ಯಾನದ ಬೆಟ್ಟದ ನೆತ್ತಿ ಮೇಲೆ 105 ಮೈಲಿ ಸಾಗುವ ರಸ್ತೆ ಇದು. ವೇಗದ ಮಿತಿ 35 ಮೈಲಿ. ತಿರುವಿನ ಮೇಲೆ ತಿರುವು, ಅಲ್ಲಲ್ಲಿ ಜಿಂಕೆ, ಕೆಳಗೆ ಕಣಿವೆ. ನಮ್ಮ ಘಾಟಿ ರಸ್ತೆಗಳಲ್ಲಿ ಬೆಳೆದವರಿಗೆ ಮನೆಗೆ ಬಂದಂತೆ ಅನ್ನಿಸುವ ಜಾಗ. ಸ್ಪೋರ್ಟ್ಸ್ ಕಾರಿನವನಿಗೆ 35ರ ಮಿತಿ ಶಿಕ್ಷೆ ಅಂತ ನೀವು ಅಂದುಕೋಬಹುದು. ಖಂಡಿತ ಅಲ್ಲ. ನೆಲಕ್ಕೆ ಅಂಟಿದಂತೆ ಕೂತು, ಟಾಪ್ ತೆರೆದು, ಮೂರಕ್ಕೂ ನಾಲ್ಕಕ್ಕೂ ಗೇರು ಆಡಿಸುತ್ತ ಹೋದರೆ 35 ಮೈಲಿಯಲ್ಲೇ ಮನಸ್ಸು ತುಂಬುತ್ತೆ. ದೊಡ್ಡ ಗಾಡಿಯಲ್ಲಿ ಅದೇ ಸುಖ ಬೇಕಂದ್ರೆ ಅದರ ಎರಡರಷ್ಟು ವೇಗ ಹೋಗಬೇಕು. ನನ್ನ ಪುಸ್ತಕದಲ್ಲಿ ಅತಿ ಹೆಚ್ಚು ಖುಷಿ ಕೊಟ್ಟ ಟ್ಯಾಂಕೇ ಅತಿ ಹೆಚ್ಚು ಮೈಲೇಜ್ ಕೊಟ್ಟ ಟ್ಯಾಂಕು ಕೂಡಾ. ಖುಷಿಗೂ ಉಳಿತಾಯಕ್ಕೂ ಎಣ್ಣೆ ಸೀಗೆಕಾಯಿ ಸಂಬಂಧ ಅಂತ ಯಾರು ಹೇಳಿದ್ದು?

ತದ್ವಿರುದ್ಧದ ಉದಾಹರಣೆಯೂ ಇದೆ. 2008ರಲ್ಲಿ ಬಿಬಿಸಿಯ ಟಾಪ್ ಗೇರ್ ಕಾರ್ಯಕ್ರಮದಲ್ಲಿ ಒಂದು ಪ್ರಿಯಸ್ಸನ್ನು ಟ್ರ್ಯಾಕಿನ ಮೇಲೆ ಹತ್ತು ಸುತ್ತು ಶಕ್ತಿ ಮೀರಿ ಓಡಿಸಿ, ಅದರ ಬೆನ್ನಿಗೇ ಎಂಟು ಸಿಲಿಂಡರಿನ ಬಿಎಂಡಬ್ಲ್ಯೂ ಎಂ3 ಓಡಿಸಿದರು. ಬ್ರಿಟಿಷ್ ಗ್ಯಾಲನ್ನಿಗೆ ಪ್ರಿಯಸ್ 17.2 ಮೈಲಿ, ಎಂ3 19.4. ತಮಾಷೆಗೆ ಮಾಡಿದ್ದೇ ಇರಬಹುದು, ಯಾರೂ ಪ್ರಿಯಸ್ಸನ್ನು ಹಾಗೆ ಓಡಿಸೋದಿಲ್ಲ, ನಿಜ. ಆದರೂ ಪೆಡಲ್ ಮೇಲಿನ ಪಾದಕ್ಕೆ ಎಷ್ಟು ಶಕ್ತಿ ಇದೆ ಅನ್ನೋದಕ್ಕೆ ಇದಕ್ಕಿಂತ ಒಳ್ಳೇ ಪುರಾವೆ ನನಗೆ ಗೊತ್ತಿಲ್ಲ.

*

ಈಗ ನನ್ನ ಮುಖ್ಯ ತಕರಾರಿಗೆ ಬರ್ತೀನಿ. ತಪ್ಪಿರೋದು "ಕೊಡುತ್ತೆ" ಅನ್ನೋ ಪದದಲ್ಲೇ. ಗಾಡಿ ನಮಗೆ ಕೊಡೋದು ಏನೂ ಇಲ್ಲ ಸ್ವಾಮೀ, ಅದು ಕುಡಿಯುತ್ತೆ. ಯುರೋಪಿನವರು ನೂರು ಕಿಲೋಮೀಟರಿಗೆ ಎಷ್ಟು ಲೀಟರ್ ಅಂತ ಅಳೀತಾರೆ, ಅದೇ ಸರಿ. 2008ರಲ್ಲಿ ಡ್ಯೂಕ್ ವಿಶ್ವವಿದ್ಯಾಲಯದ ಲ್ಯಾರಿಕ್ ಮತ್ತು ಸೋಲ್ ಅನ್ನೋ ಇಬ್ಬರು ಸೈನ್ಸ್ ಪತ್ರಿಕೆಯಲ್ಲಿ ಇದನ್ನೇ ಬರೆದರು: ಗ್ಯಾಲನ್ನಿಗೆ ಎಷ್ಟು ಮೈಲಿ ಅನ್ನೋ ಅಳತೆ ಜನರಿಗೆ ಭ್ರಮೆ ಹುಟ್ಟಿಸುತ್ತೆ ಅಂತ. 2013ರ ಮಾದರಿಗಳಿಂದ ಇಲ್ಲಿನ ಸ್ಟಿಕರ್‌ನಲ್ಲೂ ನೂರು ಮೈಲಿಗೆ ಎಷ್ಟು ಗ್ಯಾಲನ್ ಅನ್ನೋದನ್ನು ಸಣ್ಣ ಅಕ್ಷರದಲ್ಲಿ ಹಾಕ್ತಾರೆ. ಯಾರೂ ಓದೋದಿಲ್ಲ, ಆ ಮಾತು ಬೇರೆ.

ಕೂಡಿ ಕಳೆದು ನೋಡಿ. ವರ್ಷಕ್ಕೆ 10,000 ಮೈಲಿ ಅಂತಿಟ್ಟುಕೊಳ್ಳಿ. 21 ಮೈಲಿ ಕೊಡೋ ಎಸ್‌ಯುವಿ ಕುಡಿಯೋದು 476 ಗ್ಯಾಲನ್. ನನ್ನ 32ರ ಲೆಕ್ಕದಲ್ಲಿ ಮಿಯಾಟಾ 313. ಗ್ಯಾಲನ್ನಿಗೆ 57 ಮೈಲಿ ಅಂತ ಸ್ಟಿಕರ್ ಹೊತ್ತ 2023ರ ಪ್ರಿಯಸ್ 175. ಎಸ್‌ಯುವಿಯಿಂದ ಚಿಕ್ಕ ಸ್ಪೋರ್ಟ್ಸ್ ಕಾರಿಗೆ ಬಂದರೆ ಉಳಿಯೋದು 163 ಗ್ಯಾಲನ್. ಅಲ್ಲಿಂದ ಪ್ರಿಯಸ್ಸಿಗೆ ಹೋದರೆ ಇನ್ನೂ 138. ಮೈಲೇಜ್ ಲೆಕ್ಕದಲ್ಲಿ ಮೊದಲನೆಯದು ಬರೀ 11 ಮೈಲಿಯ ಜಿಗಿತ, ಎರಡನೆಯದು 25 ಮೈಲಿಯದ್ದು. ಕುಡಿದ ಲೆಕ್ಕದಲ್ಲಿ ಮೊದಲನೆಯದೇ ದೊಡ್ಡದು!

ಕಾನೂನಿಗೂ ಇದೇ ಕಣ್ಣುಪೊರೆ. ಅಮೆರಿಕದಲ್ಲಿ 1978ರ ಕಾಯ್ದೆಯಿಂದ ಬಂದ "ಗ್ಯಾಸ್ ಗಜ್ಲರ್" ತೆರಿಗೆ ಅಂತ ಇದೆ, ಕುಡುಕ ಗಾಡಿಗಳ ಮೇಲಿನ ತೆರಿಗೆ. ಗ್ಯಾಲನ್ನಿಗೆ 22.5 ಮೈಲಿಗಿಂತ ಕಡಿಮೆಯಾದರೆ 1,000 ಡಾಲರಿನಿಂದ 7,700 ಡಾಲರಿನವರೆಗೆ. ಆದರೆ ಅದು ಕಾರುಗಳಿಗೆ ಮಾತ್ರ. ಪಿಕಪ್ಪಿಗೂ ಎಸ್‌ಯುವಿಗೂ ಮಿನಿವ್ಯಾನಿಗೂ ಅನ್ವಯಿಸೋದಿಲ್ಲ. ಮೇಲಾಗಿ 2010ರ ದಶಕದ ಆರಂಭದಿಂದ ಕಂಪನಿಗಳು ಮುಟ್ಟಬೇಕಾದ ಮೈಲೇಜಿನ ಗುರಿಯನ್ನು ಚಕ್ರಗಳ ನಡುವಿನ ಜಾಗದ ಅಳತೆಗೆ ಕಟ್ಟಿಹಾಕಿದರು. ಗಾಡಿ ದೊಡ್ಡದಾದಷ್ಟೂ ಗುರಿ ಸಡಿಲ, ಚಿಕ್ಕದಾದಷ್ಟೂ ಬಿಗಿ. ಮಿಯಾಟಾದಂಥ ಪುಟ್ಟ ಗಾಡಿ ತಯಾರಿಸುವವನಿಗೆ ಸಿಗೋದು ಅತ್ಯಂತ ಕಠಿಣ ಗುರಿ. 2025ರಲ್ಲಿ ಗುರಿ ತಪ್ಪಿದರೆ ಕಟ್ಟಬೇಕಿದ್ದ ದಂಡವನ್ನೇ ಸೊನ್ನೆಗೆ ಇಳಿಸಿದರು. ಆದರೆ ಅಷ್ಟು ವರ್ಷ ಆ ನಿಯಮ ಗಾಡಿಗಳನ್ನು ಊದಿಸೋದಕ್ಕೆ ಕುಮ್ಮಕ್ಕು ಕೊಟ್ಟಿದ್ದಂತೂ ಹೌದು. ಕಡಿಮೆ ತಿನ್ನು ಅಂತ ಹೇಳೋ ಬದಲು ದಪ್ಪಗಾದರೆ ಜಾಸ್ತಿ ತಿನ್ನಬಹುದು ಅಂದ ಹಾಗಾಯ್ತು.

*

ನಿಮ್ಮ ಆಕ್ಷೇಪಣೆಗಳು ನನಗೆ ಕೇಳಿಸ್ತಾ ಇವೆ.

"ಎರಡೇ ಸೀಟಲ್ವಾ?" ಹೌದು. ಆರು ಜನ ಒಟ್ಟಿಗೆ ದೇವಸ್ಥಾನಕ್ಕೆ ಹೊರಟರೆ ಏಳು ಸೀಟಿನ ಗಾಡಿಯೇ ಮೇಲು, ತಲಾ ಲೆಕ್ಕದಲ್ಲಿ ನನ್ನದು ಸೋಲುತ್ತೆ. ಆದರೆ ಸೋಮವಾರ ಬೆಳಿಗ್ಗೆ ಯಾವುದಾದರೂ ಸಿಗ್ನಲ್ಲಿನಲ್ಲಿ ನಿಂತು ಅಕ್ಕಪಕ್ಕ ನೋಡಿ. ಏಳು ಸೀಟು, ಒಂದು ತಲೆ. ಉಳಿದ ಆರು ಖಾಲಿ ಸೀಟುಗಳನ್ನು ದಿನಾ ಆಫೀಸಿಗೆ ಕರ್ಕೊಂಡು ಹೋಗಿ ಕರ್ಕೊಂಡು ಬರ್ತಾರೆ.

"ಅಷ್ಟು ಕಾಳಜಿ ಇದ್ದರೆ ಹೈಬ್ರಿಡ್ ತಗೋಬಹುದಿತ್ತಲ್ಲ?" ಇದಕ್ಕೆ ನನ್ನ ಹತ್ತಿರ ಅಡ್ಡ ಉತ್ತರ ಇಲ್ಲ. ಉಳಿತಾಯ ಒಂದೇ ಗುರಿಯಾದರೆ ಹೈಬ್ರಿಡ್ಡೇ ಸರಿ, ಮೇಲಿನ ಲೆಕ್ಕವೇ ಅದನ್ನು ಹೇಳುತ್ತೆ. ನಾನು ಮಿಯಾಟಾವನ್ನು ಸಂತ ಅಂತ ಹೇಳ್ತಿಲ್ಲ. ಸಂತನ ವೇಷದಲ್ಲಿರೋ ಭಾರೀ ಗಾಡಿಗಳ ಪಕ್ಕ ನಿಲ್ಲಿಸಿ ಇದನ್ನು ಪಾಪಿ ಅನ್ನಬೇಡಿ ಅಂತಷ್ಟೇ ಹೇಳ್ತಿರೋದು.

"ಸ್ಪೋರ್ಟ್ಸ್ ಕಾರು ಕೊಟ್ಟರೆ ಯಾರು ತಾನೇ 65ರಲ್ಲಿ ಹೋಗ್ತಾರೆ?" ಇದು ಮಾತ್ರ ಗಟ್ಟಿ ಪ್ರಶ್ನೆ. ನಾಲ್ಕುನೂರು ಅಶ್ವಶಕ್ತಿಯ ಗಾಡಿಯಲ್ಲಿ 65 ಅಂದರೆ ನಿದ್ದೆ ಬರುತ್ತೆ, ನಿಜ. ಆದರೆ ಚಿಕ್ಕ, ಹಗುರ ಗಾಡಿಯ ಗುಣವೇ ಬೇರೆ. ರಸ್ತೆಯ ಪ್ರತಿಯೊಂದು ಉಬ್ಬೂ ತಗ್ಗೂ ಕೈಗೆ ಗೊತ್ತಾಗುತ್ತೆ, ಕಡಿಮೆ ವೇಗವೂ ವೇಗ ಅನ್ನಿಸುತ್ತೆ. ಹಾಗಾಗಿ ಸ್ಪೋರ್ಟ್ಸ್ ಕಾರು ಅಂದ ಕೂಡಲೇ ಎಲ್ಲವನ್ನೂ ಒಂದೇ ತಕ್ಕಡಿಗೆ ಹಾಕಬೇಡಿ. ಹಗುರವಾದದ್ದು ಬೇರೆ, ಭಾರೀ ಎಂಜಿನ್ ತುರುಕಿದ್ದು ಬೇರೆ.

ಇಷ್ಟು ಬರೆದದ್ದು ಎಲ್ಲರೂ ಎರಡು ಸೀಟಿನ ಗಾಡಿ ಕೊಳ್ಳಲಿ ಅಂತಲ್ಲ. ಗಾಡಿಯ ವೇಷ ನೋಡಿ ತೀರ್ಪು ಕೊಡೋದು ಬಿಟ್ಟು ಮೂರು ವಿಷಯ ಕೇಳಿ ಅಂತ: ತೂಕ ಎಷ್ಟು, ವರ್ಷಕ್ಕೆ ಎಷ್ಟು ಕುಡೀತು, ಅದರಲ್ಲಿ ಎಷ್ಟು ಸಲ ಒಬ್ಬರೇ ಹೋದಿರಿ. ಮುಂದಿನ ಸಲ ಬಂಕಿಗೆ ಹೋದಾಗ ಒಂದು ಚೀಟಿಯಲ್ಲಿ ಮೈಲಿಯನ್ನೋ ಕಿಲೋಮೀಟರನ್ನೋ ಬರೆದಿಡಿ. ನಾಲ್ಕು ಟ್ಯಾಂಕ್ ಆದಮೇಲೆ ಕೂಡಿಸಿ ನೋಡಿ. ನಿಮ್ಮ ಗಾಡಿ ಎಷ್ಟು ಕುಡೀತು ಅಂತ ನನಗೂ ತಿಳಿಸಿ, ಸ್ಕೂಟಿಯಾದರೂ ಸರಿ. :-)