ತಗಡಿನ ಕತ್ತಿ ಕೆಳಗಿಡೋಣ



ಕಳೆದ ಏಪ್ರಿಲ್ ಹದಿನಾಲ್ಕಕ್ಕೆ ನಾವು ಹಾಸ್ಟೆಲಿನ ಹುಡುಗರೆಲ್ಲ ಸೇರಿ ಚಂದಾ ಎತ್ತಿದೆವು. ಇಪ್ಪತ್ತಡಿ ಫ್ಲೆಕ್ಸ್ ಹಾಕಿಸಿದೆವು. ನಡುವೆ ಕೋರೆಗಾಂವ್ ಸ್ತಂಭ, ಒಂದು ಕಡೆ ಒನಕೆ ಹಿಡಿದ ಓಬವ್ವ, ಇನ್ನೊಂದು ಕಡೆ ಕತ್ತಿ ಹಿಡಿದ ನಾವು. ಕತ್ತಿ ತಗಡಿನದು, ನಾಟಕದವರಿಂದ ಬಾಡಿಗೆಗೆ ತಂದದ್ದು. ಅದೇ ವಾರ ಪಕ್ಕದ ಕೋಣೆಯ ಹುಡುಗ ಪರೀಕ್ಷೆ ಫೀಜು ಕಟ್ಟಲಾಗದೆ ಟ್ರಂಕು ಹೊತ್ತುಕೊಂಡು ಊರಿಗೆ ಹೋದ. ಈಗ ಗಾರೆ ಕೆಲಸಕ್ಕೆ ಹೋಗ್ತಾನೆ. ಮೆರವಣಿಗೆಯ ಗದ್ದಲದಲ್ಲಿ ಅವನು ಬಸ್ಸು ಹತ್ತಿದ್ದು ನಮಗ್ಯಾರಿಗೂ ಕಾಣಲಿಲ್ಲ.

ವೀರರ ಮಕ್ಕಳಂತೆ ನಾವು!

ಆ ವೀರರೇ ಇವತ್ತು ರಾತ್ರಿ ನಮ್ಮ ಹಾಸ್ಟೆಲಿನ ಬಾಗಿಲಿಗೆ ಬಂದು, 'ತಗೊಳ್ರಪ್ಪಾ ನಮ್ಮ ಆಯುಧ' ಅಂತ ಕೈ ಚಾಚಿದರು ಅಂತಿಟ್ಟುಕೊಳ್ಳಿ. ಏನು ಕೊಟ್ಟಾರು? ನಾವು ಏನು ತಗೊಂಡೇವು?

ಮೊದಲು ಬರುವವನು ಪುಣೆಯ ಲಹುಜಿ ಸಾಳ್ವೆ. ಜಾತಿಯಲ್ಲಿ ಮಾಂಗ. ಅಂದರೆ ನಮ್ಮವನೇ. ಪೇಶ್ವೆಗಳ ಆಳ್ವಿಕೆ ಮುಗಿದ ಮೇಲೆ ಆ ಊರಿನಲ್ಲಿ ಗರಡಿಮನೆ ಕಟ್ಟಿದ. ಕುಸ್ತಿ, ದಾಂಡಪಟ್ಟ, ಗುರಿಯಿಟ್ಟು ಹೊಡೆಯುವುದು ಕಲಿಸಿದ. ಅಲ್ಲಿ ಕಲಿತವರಲ್ಲಿ ಒಬ್ಬ ಮಾಲಿ ಜಾತಿಯ ಹುಡುಗ, ಜೋತಿಬಾ ಫುಲೆ. ದ್ರೋಣಾಚಾರಿ ಕಲಿಸದೇನೇ ಹೆಬ್ಬೆರಳು ಕೇಳಿದ. ಲಹುಜಿ ಕಲಿಸಿಯೂ ಬೆರಳು ಕೇಳಲಿಲ್ಲ. ಗುರು ಯಾರು ಅಂತ ನಮಗೆ ಇನ್ಯಾರೂ ಹೇಳಿಕೊಡಬೇಕಾಗಿಲ್ಲ.

ಆ ಹುಡುಗ ಕಲಿತ ವಿದ್ಯೆಯಿಂದ ಯಾರ ತಲೆ ಕಡಿದ? ಯಾರದ್ದೂ ಇಲ್ಲ. 1848ರಲ್ಲಿ ಹೆಣ್ಣುಮಕ್ಕಳ ಶಾಲೆ ತೆರೆದ. ಕಲ್ಲು ಬಿದ್ದರೂ ಸೆಗಣಿ ಬಿದ್ದರೂ ಆ ಜೋಡಿ, ಜೋತಿಬಾ ಮತ್ತು ಸಾವಿತ್ರಿಬಾಯಿ, ಹಿಂದೆ ಸರಿಯಲಿಲ್ಲ. ಗರಡಿಯಲ್ಲಿ ಗಟ್ಟಿಯಾದ ಎದೆ ಅಕ್ಷರಕ್ಕೆ ಕಾವಲಾಯಿತು.

ಅವರ ಶಾಲೆಯಲ್ಲಿ ಕಲಿತ ಮಾಂಗರ ಹುಡುಗಿ ಮುಕ್ತಾ. ಹದಿನಾಲ್ಕರ ಪ್ರಾಯದಲ್ಲಿ, 1855ರಲ್ಲಿ, 'ಜ್ಞಾನೋದಯ' ಪತ್ರಿಕೆಗೆ ಮಹಾರ ಮಾಂಗರ ದುಃಖ ಬರೆದಳು. ಬಾಜೀರಾಯನ ಕಾಲದಲ್ಲಿ ನಮ್ಮವರು ಗರಡಿಯ ಮುಂದೆ ಹಾದುಹೋದರೂ ತಲೆ ಕಡಿದು, ಕತ್ತಿಯನ್ನೇ ದಾಂಡು ಮಾಡಿ, ತಲೆಯನ್ನೇ ಚೆಂಡು ಮಾಡಿ ಮೈದಾನದಲ್ಲಿ ಆಡುತ್ತಿದ್ದರು ಅಂತ ಬರೆದಳು. ಯಾವ ಗರಡಿಯ ನೆರಳೂ ನಮಗೆ ಸಾವಾಗಿತ್ತೋ ಅದೇ ಊರಲ್ಲಿ ಲಹುಜಿ ಗರಡಿ ಕಟ್ಟಿದ. ಯಾವ ನಾಲಿಗೆಗೆ ಅಕ್ಷರ ನಿಷಿದ್ಧವಾಗಿತ್ತೋ ಆ ನಾಲಿಗೆ ಪೇಶ್ವೆಯ ಪಾಪವನ್ನು ಅಚ್ಚುಮೊಳೆಗೆ ಏರಿಸಿತು. ಇದಕ್ಕಿಂತ ಹರಿತವಾದ ಕತ್ತಿ ಯಾವುದಿದೆ ಹೇಳಿ.

ಲಹುಜಿಯ ಹಿಂದೆ ಬರುವವರು ಕೋರೆಗಾಂವಿನ ಸಿಪಾಯಿಗಳು. 1818ರ ಜನವರಿ 1. ಸ್ತಂಭದ ಮೇಲೆ 'ನಾಕ' ಅಂತ ಕೊನೆಯಾಗುವ ಹೆಸರುಗಳನ್ನು ಇವತ್ತಿಗೂ ಓದಬಹುದು. ಅವರ ಶೌರ್ಯಕ್ಕೆ ನಮ್ಮ ತಲೆ ಬಾಗುತ್ತದೆ. 1927ರ ಜನವರಿ 1ರಂದು ಬಾಬಾಸಾಹೇಬರೂ ಅಲ್ಲಿಗೆ ಹೋಗಿ ನಿಂತರು. ಆದರೆ ಆ ಸಿಪಾಯಿಗಳು ಬಂದೂಕದ ಜೊತೆಗೆ ಒಂದು ಎಚ್ಚರಿಕೆಯನ್ನೂ ಕೊಡುತ್ತಾರೆ. ಅವರ ರಕ್ತದಿಂದ ರಾಜ್ಯ ಕಟ್ಟಿದ ಬಿಳಿಯರು ಮುಕ್ಕಾಲು ಶತಮಾನ ಕಳೆಯುವಷ್ಟರಲ್ಲಿ, 1890ರ ದಶಕದಲ್ಲಿ, ಮಹಾರರಿಗೆ ಸೈನ್ಯದ ಬಾಗಿಲು ಮುಚ್ಚಿದರು. 'ನೀವು ವೀರ ಜಾತಿಯಲ್ಲ' ಅಂದರು! ನಿವೃತ್ತ ಸೈನಿಕ ಗೋಪಾಲ ಬಾಬಾ ವಲಂಗಕರ್ 1894ರಲ್ಲಿ ಅರ್ಜಿ ಹಿಡಿದು ನಿಲ್ಲಬೇಕಾಯಿತು. ಮೊದಲ ಮಹಾಯುದ್ಧ ಬಂತು, 1917ರಲ್ಲಿ ಮತ್ತೆ ಕರೆದರು. ಯುದ್ಧ ಮುಗಿಯಿತು, ಮತ್ತೆ ಮನೆಗೆ ಕಳಿಸಿದರು. ಎರಡನೇ ಮಹಾಯುದ್ಧ ಬಂದಾಗ ಬಾಬಾಸಾಹೇಬರು ಪಟ್ಟುಹಿಡಿದರು. 1941ರಲ್ಲಿ ನಮ್ಮ ಬೆಳಗಾವಿಯಲ್ಲೇ ಮಹಾರ್ ರೆಜಿಮೆಂಟ್ ಹುಟ್ಟಿತು.

ಪರರು ಕೊಟ್ಟ ಬಂದೂಕನ್ನು ಪರರು ಕಸಿದುಕೊಂಡರು. ಕಸಿಯಲಾಗದ್ದು ಒಂದಿತ್ತು. ಸುಬೇದಾರ್ ರಾಮ್‌ಜಿ ಸಕ್ಪಾಲ್ ಸೈನ್ಯದಲ್ಲಿ ಓದು ಕಲಿತವರು, ಸೈನ್ಯದ ಶಾಲೆಯಲ್ಲಿ ಮೇಷ್ಟ್ರಾಗಿದ್ದವರು. ಕತ್ತಿ ದಂಡಿನಲ್ಲೇ ಉಳಿಯಿತು, ಅಕ್ಷರ ಮಾತ್ರ ಮಗ ಭೀಮನಿಗೆ ದಾಟಿತು. ಮುಂದಿನದು ನಿಮಗೇ ಗೊತ್ತು.

ಆದ್ದರಿಂದ ಯಾರೇ ಆಯುಧ ಕೊಡಲು ಬಂದರೂ ಮೂರು ಮಾತು ಕೇಳೋಣ. ಕೊಡ್ತಿರೋನು ಯಾರು? ಯಾರ ಮೇಲೆ ಎತ್ತೋಕೆ ಕೊಡ್ತಿದ್ದಾನೆ? ಕೆಲಸ ಮುಗಿದ ಮೇಲೆ ವಾಪಸು ಕಿತ್ಕೊಳ್ತಾನಾ?

ಯಾಕೆ ಹೇಳ್ತಿದ್ದೇವೆ ಅಂದರೆ, ಹಾಸ್ಟೆಲಿನ ಗೇಟಿನ ಹತ್ತಿರ ಈಗಲೂ ಕೆಲವರು ಬರುತ್ತಾರೆ. 'ನೀವು ಶೂರರ ವಂಶ ಕಣ್ರೋ' ಅಂತ ಬೆನ್ನು ತಟ್ಟುತ್ತಾರೆ. ಕೈಗೆ ದೊಣ್ಣೆ ಕೊಟ್ಟು ಬಡ ಸಾಬರ ಓಣಿ ತೋರಿಸುತ್ತಾರೆ. ಗಲಾಟೆ ಆದ ಮೇಲೆ ಕೇಸು ನಮ್ಮ ಮೇಲೆ, ಹಾರ ಅವರ ಕೊರಳಿಗೆ. ಸಾಯಂಕಾಲ ಅವರ ಮನೆಗೆ ಹೋದರೆ ನೀರು ಮಾತ್ರ ಹೊರಗಡೆ! ಇಂಥ ದೊಣ್ಣೆ ನಮಗೆ ಬೇಡ.

ಹಾಗಾದರೆ ಸುಮ್ಮನೆ ಕೂರೋಣವೇ? ಇಲ್ಲ. ಓಬವ್ವನ ಕತೆ ನೆನಪಿಸಿಕೊಳ್ಳಿ. ಕೋಟೆ ಕಾಯುವವನ ಹೆಂಡತಿ. ಕತ್ತಿವರಸೆ ಕಲಿತವಳಲ್ಲ. ಕಿಂಡಿಯಲ್ಲಿ ಶತ್ರು ತಲೆ ಹಾಕಿದಾಗ ಕೈಗೆ ಸಿಕ್ಕಿದ್ದು ದಿನಾ ಭತ್ತ ಕುಟ್ಟುವ ಒನಕೆ. ಅದೇ ಸಾಕಾಯಿತು.

ನಮ್ಮ ಕೈಗೆ ಸಿಕ್ಕಿರುವ ಒನಕೆ ಯಾವುದು? ಹಾಸ್ಟೆಲಿನ ಲೆಕ್ಕದ ಪುಸ್ತಕ ಕೇಳುವ ಮಾಹಿತಿ ಹಕ್ಕಿನ ಅರ್ಜಿ. 2005ರ ಕಾಯಿದೆ, ಶುಲ್ಕ ಬರೀ 10 ರೂಪಾಯಿ. ಊರಿನಲ್ಲಿ ನಮ್ಮವರ ಮೇಲೆ ಕೈ ಮಾಡಿದರೆ 1989ರ ದೌರ್ಜನ್ಯ ತಡೆ ಕಾಯಿದೆಯ ಹೆಸರು ಹೇಳಿ ದೂರು ಬರೆಸುವ ಗಂಟಲು. ಬೀಗ ಹಾಕಿದ ಹಾಸ್ಟೆಲ್ ಲೈಬ್ರರಿಯ ಬೀಗದ ಕೈ. ಬೆಳಿಗ್ಗೆ ಐದಕ್ಕೆ ಎದ್ದು ಸಾಮೂ ಮಾಡೋಣ, ಲಹುಜಿ ಮೆಚ್ಚುತ್ತಾನೆ. ಆರಕ್ಕೆ ಪುಸ್ತಕ ಹಿಡಿಯೋಣ, ಮುಕ್ತಾ ಮೆಚ್ಚುತ್ತಾಳೆ.

ಮುಂದಿನ ಜಯಂತಿಗೆ ಫ್ಲೆಕ್ಸ್ ಬೇಡ. ಆ ಚಂದಾ ಹಣದಲ್ಲಿ ಮೊದಲು ಗಾರೆ ಕೆಲಸಕ್ಕೆ ಹೋದ ನಮ್ಮ ಗೆಳೆಯನ ಫೀಜು ಕಟ್ಟೋಣ. ಅವನು ಟ್ರಂಕು ಹೊತ್ತು ವಾಪಸು ಬರುವ ದಿನ ತಮಟೆ ಬಡಿಯೋಣ. ಅವತ್ತು ಆ ವೀರರು ಮತ್ತೆ ಬಾಗಿಲಿಗೆ ಬಂದರೆ, ಕಣ್ಣಿಟ್ಟು ನೋಡಲು ನಮಗೆ ನಾಚಿಕೆಯಾಗದು.

ಜೈ ಭೀಮ್.