ನಾಯಿಗೆ ರೊಟ್ಟಿ ಹಾಕುವ ಮುನ್ನ



ನಾಯಿಗೆ ರೊಟ್ಟಿ ಹಾಕಬಹುದೇ? ಈ ಪ್ರಶ್ನೆಯನ್ನು ಅಜ್ಜಿಗೆ ಕೇಳಿದರೆ ಅವಳು ನಕ್ಕಾಳು. “ಹಾಕದೆ ಮತ್ತೇನು? ನಮ್ಮ ಮನೆಯ ನಾಯಿಗಳೆಲ್ಲ ಭಾಕರಿ ತಿಂದೇ ಬೆಳೆದವು” ಎಂದಾಳು. ಪಟ್ಟಣದಲ್ಲಿ ಓದುವ ಅಣ್ಣನನ್ನು ಕೇಳಿದರೆ, “ಬ್ರೆಡ್ಡು, ರೊಟ್ಟಿ ನಾಯಿಗೆ ವಿಷ” ಎಂದಾನು. ಇಬ್ಬರ ಮಾತೂ ಪೂರ್ತಿ ಸರಿಯಲ್ಲ ಎಂದು ನನಗೆ ಅನಿಸುತ್ತದೆ. ಯಾಕೆಂದು ಹೇಳುತ್ತೇನೆ, ಕೇಳಿರಿ.

ನೀವು ಮೊದಲು ಒಂದು ಸಣ್ಣ ಪ್ರಯೋಗ ಮಾಡಿರಿ. ಒಂದು ತುತ್ತು ಜೋಳದ ರೊಟ್ಟಿಯನ್ನು ಪಲ್ಯವಿಲ್ಲದೆ ಬಾಯಲ್ಲಿಟ್ಟುಕೊಂಡು ಬಹಳ ಹೊತ್ತು ಅಗಿಯಿರಿ. ಮೆಲ್ಲಗೆ ಸಿಹಿ ರುಚಿ ಬರುತ್ತದೆ. ರೊಟ್ಟಿಯಲ್ಲಿರುವ ಪಿಷ್ಟವನ್ನು ನಮ್ಮ ಜೊಲ್ಲು ಸಕ್ಕರೆಯಾಗಿ ಒಡೆಯುತ್ತದೆ, ಅದಕ್ಕೇ ಆ ಸಿಹಿ. ನಾಯಿಯ ಜೊಲ್ಲಿಗೆ ಈ ಕೆಲಸ ಬಾರದು. ಅದು ಅಗಿಯುವುದೂ ಕಡಿಮೆ, ಗಬಕ್ಕನೆ ನುಂಗಿಬಿಡುತ್ತದೆ. ಹಾಗಾದರೆ ರೊಟ್ಟಿ ಹೇಗೆ ಜೀರ್ಣವಾಗುತ್ತದೆ? ಆ ಕೆಲಸ ನಡೆಯುವುದು ಅದರ ಹೊಟ್ಟೆಯೊಳಗೆ, ಕರುಳಿನಲ್ಲಿ.

ಈ ವಿಷಯದಲ್ಲಿ 2013ರಲ್ಲಿ ಸ್ವೀಡನ್ ದೇಶದ ಉಪ್ಸಾಲಾ ವಿಶ್ವವಿದ್ಯಾಲಯದ ವಿಜ್ಞಾನಿಗಳು ಒಂದು ಸ್ವಾರಸ್ಯದ ಸಂಗತಿಯನ್ನು ಪ್ರಕಟಿಸಿದರು. ಅವರು ತೋಳ ಮತ್ತು ನಾಯಿಗಳನ್ನು ಹೋಲಿಸಿ ನೋಡಿದ್ದರು. ಪಿಷ್ಟವನ್ನು ಜೀರ್ಣಿಸುವ ಒಂದು ಜೀನು ತೋಳದಲ್ಲಿ ಕೇವಲ 2 ಪ್ರತಿಗಳಲ್ಲಿದೆ. ನಾಯಿಗಳಲ್ಲಿ ಅದರ 4ರಿಂದ 30 ಪ್ರತಿಗಳಿವೆ! ಅಂದರೆ, ಮನುಷ್ಯರ ಹತ್ತಿರ ಬಂದು, ನಮ್ಮ ಹಿಟ್ಟು, ಅನ್ನ, ರೊಟ್ಟಿಗಳ ಉಳಿದ ಚೂರುಗಳನ್ನು ತಿನ್ನುತ್ತ ತಿನ್ನುತ್ತ ಸಾವಿರಾರು ವರ್ಷಗಳಲ್ಲಿ ನಾಯಿಯ ಶರೀರವೇ ಬದಲಾಯಿತು. ಹೀಗಾಗಿ ಅಜ್ಜಿಯ ಮಾತಿನಲ್ಲಿ ಅರ್ಧ ಸತ್ಯವಿದೆ. ಸಾದಾ ರೊಟ್ಟಿಯ ಒಂದು ಚೂರು ಆರೋಗ್ಯವಂತ ನಾಯಿಗೆ ವಿಷವಲ್ಲ. ಸಾದಾ ಬ್ರೆಡ್ಡೂ ಅಲ್ಲ. (ಕೆಲವೊಂದು ನಾಯಿಗೆ ಗೋಧಿ ಆಗಿಬರುವುದಿಲ್ಲ, ಅದು ಬೇರೆ ಮಾತು.)

ಇನ್ನು ಮುರಗೂಡಕ್ಕೆ ಬರೋಣ. ಇದು ಕೊಲ್ಹಾಪುರ ಜಿಲ್ಲೆಯ ಕಾಗಲ ತಾಲೂಕಿನಲ್ಲಿ ವೇದಗಂಗಾ ನದಿಯ ಬಳಿ ಇರುವ ಊರು. ಸುತ್ತಲೂ ಕಬ್ಬಿನ ಹೊಲಗಳು. ಈ ಭಾಗದಲ್ಲಿ ಮಿಸಳ ಎಂದರೆ ಎಲ್ಲರ ಬಾಯಲ್ಲೂ ನೀರು. ಬೇರೆ ಕಡೆ ಮಿಸಳದ ಜೊತೆ ಪಾವ್ ಕೊಡುತ್ತಾರೆ, ಕೊಲ್ಹಾಪುರದ ಕಡೆ ಬ್ರೆಡ್ಡಿನ ಹೋಳು ಕೊಡುವುದು ರೂಢಿ. ತಿಂದು ಉಳಿದ ಬ್ರೆಡ್ಡನ್ನು, ಆ ಕೆಂಪು ಕಟ್ಟಿನಲ್ಲಿ ನೆನೆದದ್ದನ್ನು, ಹೊರಗೆ ಕಾಯುತ್ತ ಕುಳಿತ ನಾಯಿಗೆ ಎಸೆಯುತ್ತಾರೆ. ಎಸೆದವರಿಗೆ ಪುಣ್ಯ ಬಂತೆಂಬ ಸಮಾಧಾನ. ನಾಯಿಗೆ ಏನು ಬಂತು?

ಆ ಕಟ್ಟಿನಲ್ಲಿ ಉಳ್ಳಾಗಡ್ಡಿ ಇದೆ, ಬೆಳ್ಳುಳ್ಳಿ ಇದೆ. ಇವೆರಡೂ ನಾಯಿಯ ರಕ್ತದ ಕೆಂಪು ಕಣಗಳನ್ನು ಕೆಡಿಸುತ್ತವೆ. ಹಸಿಯಾಗಿರಲಿ, ಬೇಯಿಸಿರಲಿ, ಪುಡಿಯಾಗಿರಲಿ, ಗುಣ ಒಂದೇ. ಒಂದು ಚೂರಿನಿಂದ ದೊಡ್ಡ ನಾಯಿಗೆ ಏನೂ ಆಗಲಿಕ್ಕಿಲ್ಲ. ಆದರೆ ಹೋಟೆಲಿನ ಮುಂದಿನ ನಾಯಿಗೆ ಸಿಗುವುದು ಒಂದೇ ಚೂರಲ್ಲ. ಹತ್ತು ಜನ ಎಸೆಯುತ್ತಾರೆ, ದಿನವೂ ಎಸೆಯುತ್ತಾರೆ. ರಕ್ತ ಕೆಟ್ಟದ್ದು ಕೆಲವು ದಿನಗಳ ನಂತರ ತೋರುವುದರಿಂದ, ನಾಯಿ ಮಂಕಾಗಿ ಮಲಗಿದಾಗ ಕಾರಣವೇ ಯಾರಿಗೂ ಹೊಳೆಯುವುದಿಲ್ಲ. ಮೇಲೆ ಉಪ್ಪು, ಎಣ್ಣೆ, ಖಾರ ಬೇರೆ. ಖಾರ ತಿಂದ ನಾವು ಒಂದು ಲೋಟ ನೀರು ಕೇಳುತ್ತೇವೆ. ನಾಯಿ ಯಾರನ್ನು ಕೇಳಬೇಕು?

ಅದಕ್ಕೆ ನಾನು ಹೇಳುವುದಿಷ್ಟೆ. ‘ರೊಟ್ಟಿ ಹಾಕಬಹುದೇ’ ಎಂಬ ಪ್ರಶ್ನೆಗಿಂತ ‘ರೊಟ್ಟಿಗೆ ಏನು ಹತ್ತಿದೆ, ರೊಟ್ಟಿಯೊಳಗೆ ಏನಿದೆ’ ಎಂಬ ಪ್ರಶ್ನೆ ದೊಡ್ಡದು. ಬನ್ನಿನೊಳಗೆ ಒಣದ್ರಾಕ್ಷಿ ಇದ್ದರೆ ಅದು ನಾಯಿಯ ಮೂತ್ರಪಿಂಡವನ್ನೇ ಕೆಡಿಸಬಹುದು. ಚಾಕಲೇಟು ಹಚ್ಚಿದ ಬ್ರೆಡ್ಡೂ ಬೇಡ. ಸಕ್ಕರೆಯ ಬದಲು ಕ್ಸೈಲಿಟಾಲ್ ಎಂಬ ಸಿಹಿ ಹಾಕಿದ ತಿನಿಸಂತೂ ಸ್ವಲ್ಪವೇ ಸಾಕು, ನಾಯಿಯ ಜೀವಕ್ಕೆ ಅಪಾಯ. ಮಳೆಗಾಲದಲ್ಲಿ ಬ್ರೆಡ್ಡಿಗೆ ಬೇಗ ಬೂಷ್ಟು ಹಿಡಿಯುತ್ತದೆ. “ನಮಗೆ ಬೇಡ, ನಾಯಿಗಾದರೂ ಆಗಲಿ” ಎಂದು ಅದನ್ನು ಹಾಕುವವರಿದ್ದಾರೆ. ಬೂಷ್ಟಿನ ವಿಷದಿಂದ ನಾಯಿಗೆ ನಡುಕ ಬರುತ್ತದೆ. ನಾವು ತಿನ್ನಲಾಗದ್ದು ಅದಕ್ಕೆ ಹೇಗೆ ಆದೀತು?

ಎಲ್ಲಕ್ಕಿಂತ ಅಪಾಯದ್ದು ಬೇಯಿಸದ ಹಿಟ್ಟು, ಅದರಲ್ಲೂ ಯೀಸ್ಟ್ ಹಾಕಿ ನಾದಿದ ಹಿಟ್ಟು. ಬೇಕರಿಯಲ್ಲಿ ಈ ಹಿಟ್ಟು ಬೆಚ್ಚಗಿನ ಜಾಗದಲ್ಲಿ ಉಬ್ಬುವುದನ್ನು ನೀವು ನೋಡಿರಬಹುದು. ನಾಯಿಯ ಹೊಟ್ಟೆಯೂ ಬೆಚ್ಚಗಿನ ಜಾಗವೇ. ನುಂಗಿದ ಹಿಟ್ಟು ಅಲ್ಲಿಯೂ ಉಬ್ಬುತ್ತ ಹೋಗುತ್ತದೆ. ಅಷ್ಟೇ ಅಲ್ಲ, ಯೀಸ್ಟಿನಿಂದ ಮದ್ಯಸಾರ ಹುಟ್ಟುತ್ತದೆ. ಪಾಪ, ನಾಯಿ ಕುಡಿದವರಂತೆ ತೂರಾಡುತ್ತದೆ. ಇದು ನಗುವ ಮಾತಲ್ಲ. ಕೂಡಲೇ ಪಶುವೈದ್ಯರಲ್ಲಿಗೆ ಒಯ್ಯಬೇಕು. ಬೆಂದ ಬ್ರೆಡ್ಡಿನಲ್ಲಿ ಯೀಸ್ಟ್ ಸತ್ತಿರುವುದರಿಂದ ಈ ಭಯವಿಲ್ಲ.

ಸಂತ ನಾಮದೇವರ ಕಥೆ ನಿಮಗೆ ಗೊತ್ತಲ್ಲವೇ? ನಾಯಿಯೊಂದು ಅವರ ರೊಟ್ಟಿಯನ್ನು ಕಚ್ಚಿಕೊಂಡು ಓಡಿತು. ನಾಮದೇವರು ಕೋಲು ತೆಗೆದುಕೊಳ್ಳಲಿಲ್ಲ. ಒಣ ರೊಟ್ಟಿ ಗಂಟಲಿಗೆ ಒತ್ತೀತು ಎಂದು ತುಪ್ಪದ ಬಟ್ಟಲು ಹಿಡಿದು ಅದರ ಹಿಂದೆ ಓಡಿದರು. ಇಂದಿನ ಪಶುವೈದ್ಯರಾದರೆ “ತುಪ್ಪ ಸ್ವಲ್ಪವೇ ಇರಲಿ, ಮಹಾರಾಜರೇ” ಎಂದಾರು, ಏಕೆಂದರೆ ಹೆಚ್ಚು ಜಿಡ್ಡು ನಾಯಿಗೆ ಒಗ್ಗುವುದಿಲ್ಲ. ಇರಲಿ. ಈ ಕಥೆಯಲ್ಲಿ ನನಗೆ ಹಿಡಿಸಿದ್ದು ಬೇರೆ. ನಾಮದೇವರು ರೊಟ್ಟಿ ಹೋಯಿತೆಂದು ನೋಡಲಿಲ್ಲ, ತಿನ್ನುವವನಿಗೆ ಅದು ಹೇಗೆ ಇಳಿದೀತು ಎಂದು ನೋಡಿದರು.

ಮನೆಯಲ್ಲಿ ಸಾಕಿದ ನಾಯಿಯ ಮಾತು ಇನ್ನೂ ಒಂದಿದೆ. ವಿಷವಲ್ಲ ಎಂದ ಮಾತ್ರಕ್ಕೆ ರೊಟ್ಟಿಯೊಂದೇ ಸಾಕೇ? ಸಾಲದು. ಬಾಗಲಕೋಟೆ ಜಿಲ್ಲೆಯ ಮುಧೋಳದ ಬೇಟೆ ನಾಯಿಯನ್ನು ನೋಡಿರಿ. 2005ರಲ್ಲಿ ಭಾರತದ ಅಂಚೆ ಇಲಾಖೆ ಅದರ ಚಿತ್ರವಿರುವ ಅಂಚೆಚೀಟಿ ತಂದಿತು. 2016ರಲ್ಲಿ ಭೂಸೇನೆ ಅದರ ಮರಿಗಳನ್ನು ತರಬೇತಿಗಾಗಿ ಮೀರತ್‌ಗೆ ಒಯ್ದಿತು. ಅಷ್ಟು ಓಡುವ ಪ್ರಾಣಿಯ ಸ್ನಾಯುಗಳು ಬರೀ ಹಿಟ್ಟಿನಿಂದ ಬೆಳೆಯುವುದಿಲ್ಲ. ಮಾಂಸ, ಬೇಯಿಸಿದ ಮೊಟ್ಟೆಯಂಥ ಆಹಾರ ಬೇಕು. ಬ್ರೆಡ್ಡು, ಬಿಸ್ಕಿಟ್ಟಿನಂಥ ಮೇಲುತಿನಿಸು ದಿನದ ಆಹಾರದ ಹತ್ತರಲ್ಲಿ ಒಂದು ಪಾಲು ಮೀರಬಾರದು ಎಂದು ಪಶುವೈದ್ಯರು ಹೇಳುತ್ತಾರೆ. ಬಡವರ ಮನೆಯಲ್ಲಿ ಇದು ಕಷ್ಟ, ನನಗೆ ಗೊತ್ತು. ಆಗ ಮಸಾಲೆ ಹಾಕುವ ಮೊದಲೇ ಬೆಂದ ಬೇಳೆಯನ್ನು ಸ್ವಲ್ಪ ತೆಗೆದಿಟ್ಟು, ಅದರಲ್ಲಿ ರೊಟ್ಟಿ ಮುರಿದು ಹಾಕಬಹುದು. ವಾರಕ್ಕೊಂದೆರಡು ಮೊಟ್ಟೆ ಕೊಟ್ಟರೂ ಲಾಭವೇ. ಬೇಯಿಸಿದ ಎಲುಬನ್ನು ಮಾತ್ರ ಕೊಡಬೇಡಿರಿ. ಅದು ಚೂಪಾಗಿ ಸಿಗಿದು ಗಂಟಲಿಗೆ, ಕರುಳಿಗೆ ಚುಚ್ಚುತ್ತದೆ.

ಬೀದಿನಾಯಿಗೆ ಹಾಕುವಾಗ ನೀವು ಒಬ್ಬರೇ ಹೋಗಬೇಡಿರಿ, ದೊಡ್ಡವರು ಜೊತೆಗಿರಲಿ. ಕೈಯಿಂದ ತಿನ್ನಿಸಬೇಡಿರಿ. ತಿನ್ನುತ್ತಿರುವ ನಾಯಿಯನ್ನು, ಮರಿಗಳ ಜೊತೆಗಿರುವ ತಾಯಿಯನ್ನು ಮುಟ್ಟಬೇಡಿರಿ. ಶಾಲೆಯ ಬಾಗಿಲಲ್ಲಿ ಹಾಕುವುದಂತೂ ಬೇಡವೇ ಬೇಡ. ನಾಯಿಗಳಿಗೆ ಆಹಾರ ಹಾಕುವ ಜಾಗ ಮಕ್ಕಳು ಆಡುವ ಸ್ಥಳದಿಂದ ದೂರವಿರಬೇಕೆಂದು 2023ರ ಪ್ರಾಣಿ ಜನನ ನಿಯಂತ್ರಣ ನಿಯಮಗಳೇ ಹೇಳುತ್ತವೆ. ಒಂದು ವೇಳೆ ನಾಯಿ ಕಚ್ಚಿದರೆ ಅಥವಾ ಪರಚಿದರೆ ಮುಚ್ಚಿಡಬೇಡಿರಿ. ಗಾಯವನ್ನು ಸಾಬೂನು ಹಚ್ಚಿ, ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು, ಅಂದೇ ದವಾಖಾನೆಗೆ ಹೋಗಬೇಕು. 1885ರ ಜುಲೈ 6ರಂದು ಫ್ರಾನ್ಸಿನಲ್ಲಿ ಲೂಯಿ ಪಾಶ್ಚರ್ ಅವರ ಲಸಿಕೆಯನ್ನು ಪಡೆದ ಜೋಸೆಫ್ ಮೈಸ್ಟರ್ ಎಂಬ ಹುಡುಗ ನಿಮ್ಮಷ್ಟೇ ದೊಡ್ಡವನು, 9 ವರ್ಷದವನು. ಅವನು ಬದುಕಿದ.

ಈಗ ಮಿಸಳದ ಅಂಗಡಿಯ ಮುಂದಿನ ಆ ನಾಯಿಗೆ ಏನು ಮಾಡೋಣ? ಮುಂದಿನ ಸಲ ಅಪ್ಪನ ಜೊತೆ ಹೋದಾಗ, ತಾಟಿನಲ್ಲಿ ನೆನೆದ ಬ್ರೆಡ್ಡನ್ನು ಬಿಟ್ಟು, ಮುಟ್ಟದೆ ಉಳಿದ ಸಾದಾ ಹೋಳನ್ನು ಅಪ್ಪನ ಕೈಗೆ ಕೊಡಿರಿ. ಅವರು ಅದನ್ನು ಸ್ವಲ್ಪ ದೂರದಲ್ಲಿ, ಜನರು ಓಡಾಡದ ಕಡೆ ಇಟ್ಟು ಬರಲಿ. ಪ್ಲಾಸ್ಟಿಕ್ ಹಾಳೆ ಅಲ್ಲಿ ಉಳಿಯಬಾರದು, ನಾಯಿ ಅದನ್ನೂ ನುಂಗುತ್ತದೆ. ಅಂಗಡಿಯವರು ಒಪ್ಪಿದರೆ ಮೂಲೆಯಲ್ಲಿ ಒಂದು ಮಣ್ಣಿನ ಬೋಗುಣಿ ಇಟ್ಟು ನೀರು ತುಂಬಿಸಬಹುದು. ಏಪ್ರಿಲ್, ಮೇ ತಿಂಗಳ ಬಿಸಿಲಿನಲ್ಲಿ ನಾಯಿ ಬ್ರೆಡ್ಡಿಗಿಂತ ಮೊದಲು ಹುಡುಕುವುದು ಆ ನೀರನ್ನೇ.